ರಾಬರ್ಟೊ ಕ್ಲೆಮೆಂಟೆ ದಾಖಲೆಗಳು: ಸ್ಕೌಟಿಂಗ್ ರಿಪೋರ್ಟಿಂದ ಕೋರ್ಟ್ ತೀರ್ಪಿನವರೆಗೆ

ಆರ್ಕೈವ್ಸ್ (ಹಳೇ ದಾಖಲೆಗಳ ಸಂಗ್ರಹ) ಓದ್ತಿರೋರಿಗೆ, ಒಂದು ದಾಖಲೆ ಏನು ಹೇಳುತ್ತೆ, ಏನು ಹೇಳಲ್ಲ ಅಂತ ನೋಡೋಕೆ ಕ್ಲೆಮೆಂಟೆ ಕೇಸ್ ಒಳ್ಳೆ ಉದಾಹರಣೆ. ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದವನು, 1955ರಿಂದ 1972ರವರೆಗೆ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ಟೀಮಿನ ರೈಟ್ ಫೀಲ್ಡರ್ (ಮೈದಾನದ ಬಲಗಡೆ ದೂರದಲ್ಲಿ ಫೀಲ್ಡ್ ಮಾಡೋನು).

ಮೊದಲು ನೋಡಬೇಕಾದ್ದು ಬ್ರ್ಯಾಂಚ್ ರಿಕಿ 1955ರ ಜನವರಿಯಲ್ಲಿ ಬರೆಸಿದ ಸ್ಕೌಟಿಂಗ್ ರಿಪೋರ್ಟು, ಅಂದ್ರೆ ಆಟಗಾರನ ಆಟ ನೋಡಿ ಬರೆದ ವರದಿ, ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರೋ ಅವರ ಕಾಗದಪತ್ರಗಳಲ್ಲಿ ಇದೆ. ರಿಕಿ ಆಗ ಪೈರೇಟ್ಸ್ ಜನರಲ್ ಮ್ಯಾನೇಜರ್, ಎರಡು ತಿಂಗಳ ಹಿಂದಷ್ಟೇ ಡ್ರಾಫ್ಟಲ್ಲಿ (ಟೀಮುಗಳು ಸರದಿ ಪ್ರಕಾರ ಆಟಗಾರರನ್ನ ಆರಿಸೋ ಪದ್ಧತಿ) ಈ ಹುಡುಗನನ್ನ ಡಾಡ್ಜರ್ಸ್ ಅನ್ನೋ ಇನ್ನೊಂದು ಟೀಮಿನ ಕೈಯಿಂದ ಎತ್ಕೊಂಡಿದ್ರು, ಈಗ ಹೋಗಿ ಆಟ ನೋಡಿ ಬರೀತಿದ್ದಾರೆ: ಥ್ರೋ ಮಾಡೋ ಕೈ ಸೊಗಸಾಗಿದೆ, ಆದ್ರೆ ಓಡೋ ರೀತಿ ಕೆಟ್ಟದಾಗಿದೆ, ಸ್ಪೀಡ್ ಬಗ್ಗೆ ಕೇಳಿದ್ದೇ ಬೇರೆ, ನೋಡಿದ್ಮೇಲೆ ನಿರಾಸೆ ಆಯ್ತು ಅಂತ. ಇದೇ ಹುಡುಗ ಮುಂದೆ 12 ಗೋಲ್ಡ್ ಗ್ಲೋವ್ (ಒಳ್ಳೆ ಫೀಲ್ಡಿಂಗಿಗೆ ಕೊಡೋ ಪ್ರಶಸ್ತಿ), 4 ಬ್ಯಾಟಿಂಗ್ ಟೈಟಲ್ (ಲೀಗಲ್ಲಿ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ) ಗೆದ್ದ, ಸರಿಯಾಗಿ 3,000 ಹಿಟ್ಸ್ (ಚೆಂಡು ಹೊಡೆದು ಬೇಸ್ ತಲುಪೋದು) ಮಾಡಿದ. ಹಾಗಂತ ರಿಕಿಗೆ ಆಟಗಾರರನ್ನ ಗುರುತಿಸೋಕೆ ಬರ್ತಿರ್ಲಿಲ್ಲ ಅಂತ ಬರೆದ್ರೆ ಅದು ಅನ್ಯಾಯ ಅನ್ಸುತ್ತೆ ನಂಗೆ, ಯಾಕಂದ್ರೆ ಇವತ್ತು ರಾತ್ರಿ ಕಂಡಿದ್ದು ಇಷ್ಟು ಅಂತ ಅವರೇ ಅದ್ರಲ್ಲಿ ಹೇಳಿದ್ದಾರೆ, ಮತ್ತೆ ಕೈ ಬಗ್ಗೆ ಹೇಳಿದ್ದು ಪೂರ್ತಿ ನಿಜ ಆಯ್ತು.

3,000ನೇ ಹಿಟ್ ಬಂದಿದ್ದು 1972ರ ಸೆಪ್ಟೆಂಬರ್ 30ಕ್ಕೆ. ಡಿಸೆಂಬರ್ 23ಕ್ಕೆ ನಿಕರಾಗುವಾದ ಮನಾಗುವಾದಲ್ಲಿ ಭೂಕಂಪ. ಕಳಿಸಿದ ಪರಿಹಾರ ಸಾಮಾನು ಜನರಿಗೆ ಮುಟ್ತಿಲ್ಲ ಅಂತ ತಿಳಿದು 31ರ ರಾತ್ರಿ ಕ್ಲೆಮೆಂಟೆ ತಾನೇ ಹೊರಟ, ಪೋರ್ಟೊ ರಿಕೊದ ಸ್ಯಾನ್ ವಾನ್‌ನಿಂದ ಟೇಕಾಫ್ ಆದ ಸ್ವಲ್ಪ ಹೊತ್ತಲ್ಲೇ ಡಿಸಿ-7 ವಿಮಾನ ಸಮುದ್ರಕ್ಕೆ ಬಿತ್ತು, ಅದರಲ್ಲಿದ್ದ ಐದೂ ಜನ ಹೋದ್ರು.

ಸಾವಿಗೆ ಸಂಬಂಧಿಸಿದ ದಾಖಲೆಗಳಲ್ಲಿ ಜಾಸ್ತಿ ಹುಷಾರಾಗಿರ್ಬೇಕು. ತನಿಖೆಯಲ್ಲಿ ವಿಮಾನ 4,000 ಪೌಂಡಿಗೂ ಮೇಲೆ ಓವರ್‌ಲೋಡ್ ಆಗಿತ್ತು ಅಂತ ಗೊತ್ತಾಯ್ತು. ಆದ್ರೆ ತನಿಖಾ ವರದಿ ಇರೋದು ಅಪಘಾತ ಹೇಗಾಯ್ತು ಅಂತ ಹೇಳೋಕೆ, ಕಾನೂನು ಪ್ರಕಾರ ಪರಿಹಾರ ಯಾರು ಕೊಡ್ಬೇಕು ಅನ್ನೋದು ಅಲ್ಲಿ ಸಿಗಲ್ಲ, ಅದಕ್ಕೆ ಕೋರ್ಟ್ ಫೈಲೇ ತೆಗೀಬೇಕು. ಕ್ಲೆಮೆಂಟೆ ಮನೆಯವರು ಅಮೆರಿಕ ಸರ್ಕಾರದ ಮೇಲೆ ಕೇಸ್ ಹಾಕಿದ್ರು, ವಿಮಾನಯಾನ ಇಲಾಖೆಯವರು ಇಂಥ ವಿಮಾನಗಳನ್ನ ಹಾರೋ ಮುಂಚೆ ಚೆಕ್ ಮಾಡ್ಬೇಕು ಅಂತ ಇಲಾಖೆಯದ್ದೇ ಆರ್ಡರ್ ಇತ್ತು, ಮಾಡ್ಲಿಲ್ಲ ಅಂತ. 1976ರಲ್ಲಿ ಜಿಲ್ಲಾ ಕೋರ್ಟ್ ಮನೆಯವರ ಪರ ತೀರ್ಪು ಕೊಡ್ತು. 1977ರಲ್ಲಿ ಮೇಲಿನ ಕೋರ್ಟ್ ಅದನ್ನ ತಳ್ಳಿಹಾಕ್ತು, ಆ ಆರ್ಡರ್ ಇಲಾಖೆ ತನ್ನ ಸಿಬ್ಬಂದಿಗೆ ಕೊಟ್ಟಿದ್ದು, ಅದ್ರಿಂದ ಪ್ರಯಾಣಿಕರ ಕಡೆಗೆ ಕಾನೂನಿನ ಹೊಣೆ ಹುಟ್ಟಲ್ಲ ಅಂತ. ನಂಗೆ ಓದಿ ಬೇಜಾರೇ ಆಯ್ತು. ಆದ್ರೆ 1976ರ ತೀರ್ಪು ಒಂದನ್ನೇ ಓದಿ ಸರ್ಕಾರದ್ದೇ ತಪ್ಪು ಅಂತ ಕೋರ್ಟ್ ಹೇಳಿದೆ ಅಂತ ಪರೀಕ್ಷೇಲಿ ಬರೆದ್ರೆ ಉತ್ತರ ತಪ್ಪಾಗುತ್ತೆ, ತೀರ್ಪು ಸಿಕ್ಕಿದ ತಕ್ಷಣ ಅಪೀಲ್ ಆಗಿದ್ಯಾ ಅಂತ ಹುಡುಕಿ.