ದುಡ್ಡನ್ನೇ ಕೈಗೆ ಕೊಟ್ರೆ ಏನಾಗುತ್ತೆ? ಹಳ್ಳಿ ಮನೆಗಳಿಗೆ ನೇರ ನಗದು ಬಂದ ದಾರಿ

ಬಡ ಕುಟುಂಬಕ್ಕೆ ಸಹಾಯ ಮಾಡ್ಬೇಕು ಅಂದಾಗ ಸರ್ಕಾರಗಳಿಗೂ ಸಂಘ ಸಂಸ್ಥೆಗಳಿಗೂ ನೂರೆಂಟು ದಾರಿ ಹೊಳೀತಿತ್ತು, ಧಾನ್ಯ ಹಂಚೋದು, ಹಸು ಕೊಡ್ಸೋದು, ಹೊಲಿಗೆ ಮಷೀನು, ಟ್ರೇನಿಂಗು, ಬೀಜ, ಗೊಬ್ಬರ, ಆದ್ರೆ ಅದೇ ದುಡ್ಡನ್ನ ಅವರ ಕೈಗೇ ಕೊಟ್ಬಿಡೋಣ ಅಂದ್ರೆ ಮಾತ್ರ ಎಲ್ರೂ ಹಿಂದೇಟು ಹಾಕ್ತಿದ್ರು. ಕಾರಣ ಯಾವ ಊರಲ್ಲಿ ಕೇಳಿದ್ರೂ ಒಂದೇ, ಕುಡಿದು ಹಾಳು ಮಾಡ್ತಾರೆ. ಈ ಒಂದು ಮಾತು ಎಷ್ಟು ವರ್ಷ ಎಷ್ಟು ಮನೆಗಳಿಗೆ ಸಿಗಬೇಕಾಗಿದ್ದನ್ನ ತಡೆದಿದೆ ಅಂತ ನೆನೆಸ್ಕೊಂಡ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ. ಯಾಕಂದ್ರೆ ಲೆಕ್ಕ ಹಾಕಿ ನೋಡಿದವರಿಗೆಲ್ಲ ಸಿಕ್ಕಿದ್ದು ಬೇರೆಯದೇ ಉತ್ತರ.

ಸ್ವಲ್ಪ ಹಿಂದಕ್ಕೆ ಹೋಗೋಣ. 1974ರಲ್ಲಿ ಬಾಂಗ್ಲಾದೇಶದಲ್ಲಿ ದೊಡ್ಡ ಬರಗಾಲ ಬಂತು. ಆಹಾರ ಇಲ್ದೇ ಜನ ಸತ್ರು ಅಂತ ತಾನೇ ನಾವು ಅಂದ್ಕೊಳ್ಳೋದು, ಆದ್ರೆ ಅಮರ್ತ್ಯ ಸೇನ್ ಅಂಕಿಅಂಶ ತೆಗೆದು ನೋಡಿದ್ರೆ ಆ ವರ್ಷ ತಲಾ ಆಹಾರದ ಲಭ್ಯತೆ ಆಸುಪಾಸಿನ ವರ್ಷಗಳಿಗಿಂತ ಜಾಸ್ತಿನೇ ಇತ್ತು. ಆಗಿದ್ದೇನು ಅಂದ್ರೆ ನೆರೆ ಬಂದು ಹೊಲದ ಕೆಲಸ ನಿಂತೋಯ್ತು, ಕೂಲಿಯವರ ಕೈಲಿ ಕಾಸಿಲ್ಲ, ಅದೇ ಟೈಮಿಗೆ ಅಕ್ಕಿ ರೇಟು ಏರ್ತು. ಅಂಗಡೀಲಿ ಅಕ್ಕಿ ಇದೆ, ಕೊಳ್ಳೋಕೆ ದುಡ್ಡಿಲ್ಲ. 1981ರಲ್ಲಿ ಸೇನ್ ಇದನ್ನ ಬರೆದ ಮೇಲೆ ಹಸಿವು ಅಂದ್ರೆ ಬರೀ ಆಹಾರದ ಕೊರತೆ ಅಲ್ಲ, ಕೊಳ್ಳೋ ಶಕ್ತಿಯ ಕೊರತೆ ಕೂಡ ಅನ್ನೋದು ಅರ್ಥಶಾಸ್ತ್ರದೋರ ತಲೇಲಿ ಗಟ್ಟಿಯಾಗಿ ಕೂತ್ಕೊಳ್ತು. ಆದ್ರೂ ನಗದು ಕೊಡೋ ಧೈರ್ಯ ಯಾರೂ ತಕ್ಷಣ ಮಾಡ್ಲಿಲ್ಲ.

ದೊಡ್ಡ ಮಟ್ಟದಲ್ಲಿ ಆ ಧೈರ್ಯ ಮಾಡಿದ್ದು ಮೆಕ್ಸಿಕೋ. 1994ರ ಕೊನೇಲಿ ಅಲ್ಲಿನ ಕರೆನ್ಸಿ ಪೆಸೋ ಕುಸಿದುಬಿದ್ದಿತ್ತು, ಬಡತನ ಜಾಸ್ತಿ ಆಗಿತ್ತು, ಸರ್ಕಾರ ಟೋರ್ಟಿಯಾ ಅನ್ನೋ ಮೆಕ್ಕೆಜೋಳದ ರೊಟ್ಟಿಗೆ, ಹಾಲಿಗೆ ಅಂತ ಸಬ್ಸಿಡಿ ಕೊಡ್ತಾ ಇತ್ತು, ಆದ್ರೆ ಅದ್ರಲ್ಲಿ ಹೆಚ್ಚಿನ ಪಾಲು ಪಟ್ಟಣಗಳಲ್ಲೇ ಖರ್ಚಾಗಿ ಕಡು ಬಡವರಿರೋ ಗುಡ್ಡಗಾಡಿನ ಹಳ್ಳಿಗಳಿಗೆ ಮುಟ್ತಾನೇ ಇರ್ಲಿಲ್ಲ. ಹಣಕಾಸು ಇಲಾಖೆಯಲ್ಲಿದ್ದ ಸಾಂಟಿಯಾಗೋ ಲೆವಿ ಅನ್ನೋ ಅರ್ಥಶಾಸ್ತ್ರಜ್ಞ ಇದನ್ನೆಲ್ಲ ಕಮ್ಮಿ ಮಾಡಿ ದುಡ್ಡನ್ನೇ ಕೊಡೋಣ ಅಂತ ಪಟ್ಟು ಹಿಡಿದ್ರು. 1997ರಲ್ಲಿ ಪ್ರೊಗ್ರೆಸಾ ಅನ್ನೋ ಯೋಜನೆ ಶುರುವಾಯ್ತು. ಎರಡು ತಿಂಗಳಿಗೊಮ್ಮೆ ದುಡ್ಡು, ಅದೂ ಮನೆಯ ತಾಯಿ ಕೈಗೆ. ಆದ್ರೆ ಷರತ್ತಿತ್ತು, ಮಕ್ಕಳಿಗೆ ಶಾಲೇಲಿ 85% ಹಾಜರಾತಿ ಇರ್ಬೇಕು, ಮನೆಯವರು ಆರೋಗ್ಯ ಕೇಂದ್ರಕ್ಕೆ ಚೆಕಪ್‌ಗೆ ಹೋಗ್ಬೇಕು. ಹೈಸ್ಕೂಲಿನ ಹೊತ್ತಿಗೆ ಹೆಣ್ಮಕ್ಕಳು ಶಾಲೆ ಬಿಡೋದು ಜಾಸ್ತಿ ಅಂತ ಆ ಹಂತದಲ್ಲಿ ಹುಡುಗೀರಿಗೆ ಹುಡುಗರಿಗಿಂತ ಹೆಚ್ಚು ದುಡ್ಡು ಇಟ್ಟಿದ್ರು, ನಂಗೆ ತುಂಬ ಇಷ್ಟ ಆದ ವಿಷಯ ಇದು.

ಇನ್ನೊಂದು ಕೆಲಸಾನೂ ಮಾಡಿದ್ರು. ಆಯ್ದ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು ಕೊಟ್ಟು ಉಳಿದ 186ಕ್ಕೆ ತಡವಾಗಿ ಕೊಟ್ರು, ಯಾವ ಹಳ್ಳಿಗೆ ಮೊದಲು ಅನ್ನೋದನ್ನ ಲಾಟರಿ ಥರ ಆರಿಸಿದ್ರು. ಹಾಗಾಗಿ ಎರಡೂ ಗುಂಪನ್ನ ಪಕ್ಕಪಕ್ಕ ಇಟ್ಟು ದುಡ್ಡಿಂದ ನಿಜವಾಗ್ಲೂ ಏನು ಬದಲಾಯ್ತು ಅಂತ ಹೇಳೋದು ಸಾಧ್ಯ ಆಯ್ತು. ಹೈಸ್ಕೂಲಿಗೆ ಸೇರೋ ಹುಡುಗೀರ ಸಂಖ್ಯೆ ಏರ್ತು, ಚಿಕ್ಕ ಮಕ್ಕಳಿಗೆ ಕಾಯಿಲೆ ಕಮ್ಮಿ ಆಯ್ತು. ಆಮೇಲೆ ಸಂಶೋಧಕರು ಇನ್ನೊಂದು ಲೆಕ್ಕ ತೆಗೆದ್ರು, ಸಿಕ್ಕ ಪ್ರತಿ ಪೆಸೋದಲ್ಲಿ 74 ಪಾಲು ಊಟ ಬಟ್ಟೆಗೆ ಅಂತ ಖರ್ಚಾದ್ರೆ ಉಳಿದ 26 ಪಾಲನ್ನ ಜನ ಜಾನುವಾರು, ಜಮೀನು, ಚಿಕ್ಕಪುಟ್ಟ ವ್ಯಾಪಾರದ ಮೇಲೆ ಹಾಕಿದ್ರು. ಹೂಡಿಕೆ ಮಾಡಿ ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ! 2000ದಲ್ಲಿ ಸರ್ಕಾರ ಬದಲಾದ್ರೂ ಈ ಪುರಾವೆಗಳಿದ್ದಿದ್ರಿಂದ ಯೋಜನೆ ಉಳ್ಕೊಳ್ತು, ಹೆಸರು ಎರಡು ಸಲ ಬದಲಾಗಿ 2019ರವರೆಗೂ ನಡೀತು. ಬ್ರೆಜಿಲ್ 2003ರಲ್ಲಿ ಬೊಲ್ಸಾ ಫಾಮಿಲಿಯಾ ಅನ್ನೋ ಇಂಥದ್ದೇ ಯೋಜನೆ ತಂತು, ಅದು ಒಂದು ಹಂತದಲ್ಲಿ ಸುಮಾರು 1.4 ಕೋಟಿ ಕುಟುಂಬಗಳಿಗೆ ಮುಟ್ತು. ಅಲ್ಲೂ ಕಾರ್ಡು ಬಹುತೇಕ ಹೆಂಗಸರ ಹೆಸರಲ್ಲೇ.

ಹೆಂಗಸರ ಕೈಗೇ ಯಾಕೆ ಅನ್ನೋದಕ್ಕೆ ದಕ್ಷಿಣ ಆಫ್ರಿಕಾದಿಂದ ಒಂದು ಚೆಂದದ ಪುರಾವೆ ಇದೆ. ವರ್ಣಭೇದ ಕೊನೆಯಾಗ್ತಿದ್ದ ದಿನಗಳಲ್ಲಿ, 1993ರ ಹೊತ್ತಿಗೆ, ಕಪ್ಪು ಜನಾಂಗದ ವಯಸ್ಸಾದವರಿಗೂ ಬಿಳಿಯರಷ್ಟೇ ಪಿಂಚಣಿ ಸಿಗೋ ಹಾಗಾಯ್ತು. ಎಸ್ತರ್ ಡುಫ್ಲೋ ಅನ್ನೋ ಅರ್ಥಶಾಸ್ತ್ರಜ್ಞೆ ಆ ಮನೆಗಳ ಮೊಮ್ಮಕ್ಕಳ ಎತ್ತರ ತೂಕ ನೋಡಿದ್ರು. ಪಿಂಚಣಿ ಅಜ್ಜಿಗೆ ಬರ್ತಿದ್ದ ಮನೇಲಿ ಮೊಮ್ಮಗಳು ಗಟ್ಟಿಯಾಗಿ ಬೆಳೆದಿದ್ಲು, ತಾತನಿಗೆ ಬರ್ತಿದ್ದ ಮನೇಲಿ ಅಂಥಾ ವ್ಯತ್ಯಾಸ ಕಾಣ್ಲಿಲ್ಲ.

ಇಲ್ಲಿವರೆಗೂ ಕತೆಯೆಲ್ಲ ಬಹುಪಾಲು ಷರತ್ತಿನದ್ದೇ. ದುಡ್ಡು ಕೊಡ್ತೀವಿ ಆದ್ರೆ ಹೀಗಿರ್ಬೇಕು ಅನ್ನೋದು. ಷರತ್ತು ಕೇಳೋಕೆ ಸರಿ ಅನ್ಸುತ್ತೆ, ಆದ್ರೆ ಅದನ್ನ ಮುರಿಯೋದು ಯಾರು ಅಂತ ನೋಡಿ, ತೀರಾ ಕಷ್ಟದಲ್ಲಿರೋರೇ. ಮಲಾವಿಯ ಜೋಂಬಾ ಜಿಲ್ಲೆಯಲ್ಲಿ 2008-09ರಲ್ಲಿ ಮದುವೆಯಾಗದ ಹದಿಹರೆಯದ ಹುಡುಗೀರನ್ನ ಎರಡು ಗುಂಪು ಮಾಡಿ ಒಂದಕ್ಕೆ ಶಾಲೆಗೆ ಹೋದ್ರೆ ಮಾತ್ರ ದುಡ್ಡು, ಇನ್ನೊಂದಕ್ಕೆ ಏನೂ ಕೇಳದೆ ದುಡ್ಡು ಅಂತ ಮಾಡಿದ್ರು. ಶಾಲೆ ವಿಷಯದಲ್ಲಿ ಷರತ್ತಿದ್ದ ಗುಂಪೇ ಮುಂದಿತ್ತು, ಅದನ್ನ ಒಪ್ಕೊಳ್ಳಲೇಬೇಕು. ಆದ್ರೆ ಚಿಕ್ಕ ವಯಸ್ಸಿನ ಮದುವೆ, ಚಿಕ್ಕ ವಯಸ್ಸಿನ ಬಸಿರು ಎರಡೂ ಗಣನೀಯವಾಗಿ ಇಳಿದಿದ್ದು ಷರತ್ತಿಲ್ಲದ ಗುಂಪಲ್ಲಿ. ಅರ್ಥ ಆಯ್ತಲ್ವಾ, ಏನೋ ಕಾರಣಕ್ಕೆ ಶಾಲೆ ಬಿಟ್ಟ ಹುಡುಗಿಗೆ ಷರತ್ತಿದ್ದ ಕಡೆ ದುಡ್ಡೂ ನಿಂತೋಗುತ್ತೆ, ಅವಳಿಗೆ ದುಡ್ಡು ಜಾಸ್ತಿ ಬೇಕಾಗೋದು ಆಗ್ಲೇ. ಷರತ್ತಿಲ್ಲದ ಕಡೆ ಅವಳಿಗೆ ಒಂದು ಆಸರೆ ಉಳೀತು, ಮದುವೆಗೆ ಅವಸರ ಮಾಡೋ ಒತ್ತಡ ಕಮ್ಮಿ ಆಯ್ತು.

ಷರತ್ತು ಪೂರ್ತಿ ಬಿಟ್ಟು ದೊಡ್ಡ ಮೊತ್ತ ಕೊಡೋದಕ್ಕೆ ದಾರಿ ಮಾಡಿದ್ದು ಮೊಬೈಲು. ಕೀನ್ಯಾದಲ್ಲಿ 2007ರ ಮಾರ್ಚಲ್ಲಿ ಎಂ-ಪೆಸಾ ಬಂತು, ಸಾದಾ ಫೋನಲ್ಲೇ ದುಡ್ಡು ಕಳ್ಸಬಹುದು, ಹಳ್ಳಿಯ ಏಜೆಂಟ್ ಹತ್ರ ಬಿಡಿಸ್ಕೋಬಹುದು, ಬ್ಯಾಂಕೇ ಬೇಡ. ಅದನ್ನ ನೋಡಿ ಅಮೆರಿಕದಲ್ಲಿ ಓದ್ತಿದ್ದ ಕೆಲವು ಅರ್ಥಶಾಸ್ತ್ರ ವಿದ್ಯಾರ್ಥಿಗಳು ಗಿವ್‌ಡೈರೆಕ್ಟ್ಲಿ ಅನ್ನೋ ಸಂಸ್ಥೆ ಶುರು ಮಾಡಿದ್ರು. ಪಶ್ಚಿಮ ಕೀನ್ಯಾದ ರರಿಯೆಡಾ ಅನ್ನೋ ಕಡೆ ಮೊದಲ ಕೆಲವು ಊರುಗಳಲ್ಲಿ ಯಾರಿಗೆ ಕೊಡ್ಬೇಕು ಅಂತ ಗುರುತಿಸಿದ್ದು ಸರಳವಾಗಿ, ಹುಲ್ಲಿನ ಮಾಡು ಇದ್ಯಾ ಇಲ್ವಾ ಅಂತ ನೋಡಿ.

ಆ ಮಾಡಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಹುಲ್ಲಿನ ಮಾಡು ಅಂದ್ರೆ ಪುಕ್ಕಟೆ ಅಂತ ದೂರದಿಂದ ನೋಡೋರು ಅಂದ್ಕೋತಾರೆ. ಅಲ್ಲ. ಅದು ಕೊಳೆಯುತ್ತೆ, ಮತ್ತೆ ಮತ್ತೆ ಹೊದಿಸ್ಬೇಕು, ಹುಲ್ಲು ಕೊಳ್ಳೋಕೆ ಹೊದಿಸೋರ ಕೂಲಿಗೆ ಅಂತ ಪ್ರತಿ ಸಲ ಕಾಸು ಬೇಕು, ಮಳೆಗಾಲದಲ್ಲಿ ರಾತ್ರಿ ಸೋರಿದ್ರೆ ಹಾಸಿಗೆ ಎಳೆದು ಎಳೆದು ಮೂಲೆಗೆ ಹಾಕ್ಬೇಕು. ತಗಡು ಹಾಕಿಸ್ಬಿಟ್ರೆ ವರ್ಷಗಟ್ಟಲೆ ಆ ಖರ್ಚೇ ಇಲ್ಲ, ಮೇಲಿಂದ ಬೀಳೋ ನೀರನ್ನ ಡ್ರಮ್ಮಿಗೆ ಹಿಡ್ಕೋಬಹುದು. ಇದು ಆ ಮನೆಯವರಿಗೆ ಮೊದಲಿಂದಾನೂ ಗೊತ್ತು, ಆದ್ರೆ ಒಟ್ಟಿಗೆ ಅಷ್ಟು ದುಡ್ಡು ಯಾವತ್ತೂ ಕೈಗೆ ಬಂದಿರ್ಲಿಲ್ಲ. ದುಡ್ಡು ಬಂದಾಗ ಬಹಳ ಮನೆಗಳು ಮಾಡಿದ್ದು ಇದನ್ನೇ, ತಗಡು ಹೊದಿಸಿದ್ರು. ಬಡತನದಲ್ಲಿ ಬದುಕೋದೇ ದುಬಾರಿ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಯಾವ ಟೇಬಲ್ಲೂ ತೋರ್ಸಲ್ಲ ಅಂತ ನಂಗನ್ಸುತ್ತೆ.

ಈ ಊರುಗಳಲ್ಲಿ ಯೋಹಾನೆಸ್ ಹೌಶೋಫರ್ ಮತ್ತೆ ಜೆರೆಮಿ ಶಪಿರೋ ಮಾಡಿದ ಅಧ್ಯಯನ 2016ರಲ್ಲಿ ಪ್ರಕಟ ಆಯ್ತು. ದನ ಕುರಿ ಕೋಳಿ ಹೆಚ್ಚಾದ್ವು, ಊಟಕ್ಕೆ ಖರ್ಚು ಮಾಡೋದು ಹೆಚ್ಚಾಯ್ತು, ಮನಸ್ಸಿನ ನೆಮ್ಮದಿ ಹೆಚ್ಚಾಯ್ತು. ಹೆಂಡತಿ ಮೇಲೆ ಕೈ ಮಾಡೋದು ಕೂಡ ಇಳೀತು ಅಂತ ಆಮೇಲಿನ ವಿಶ್ಲೇಷಣೆಯಲ್ಲಿ ಗೊತ್ತಾಯ್ತು, ದುಡ್ಡು ಗಂಡನ ಕೈಗೆ ಹೋದ ಮನೆಗಳಲ್ಲೂ. ಹಾಗಾದ್ರೆ ಆ ಹಳೇ ಮಾತು, ಕುಡಿತ? ಹೆಂಡ ತಂಬಾಕಿನ ಖರ್ಚು ಏರ್ಲೇ ಇಲ್ಲ. ಇದು ಒಂದೂರಿನ ಕತೆ ಅಂತ ತಳ್ಳಿಹಾಕೋಕೂ ಆಗಲ್ಲ, ಡೇವಿಡ್ ಇವಾನ್ಸ್ ಮತ್ತೆ ಅನ್ನಾ ಪೊಪೋವಾ ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು, ಸರಾಸರಿಯಲ್ಲಿ ಆ ಖರ್ಚು ಏರಿಲ್ಲ, ಕೆಲವು ಕಡೆ ಇಳಿದಿದೆ.

ನಮ್ಮ ದೇಶದಲ್ಲೂ ಇಂಥದ್ದೊಂದು ಪ್ರಯೋಗ ಆಗಿದೆ, ಬಹಳ ಜನಕ್ಕೆ ಗೊತ್ತಿಲ್ಲ. 2011ರಲ್ಲಿ ಸೇವಾ (SEWA) ಅನ್ನೋ ದುಡಿಯೋ ಹೆಂಗಸರ ಸಂಘಟನೆಯೋರು ಯುನಿಸೆಫ್ ನೆರವಲ್ಲಿ ಮಧ್ಯಪ್ರದೇಶದ 8 ಹಳ್ಳಿಗಳ ಎಲ್ರಿಗೂ, ಬಡವರು ಶ್ರೀಮಂತರು ಅಂತ ವಿಂಗಡಿಸದೆ, ತಿಂಗಳಿಗೆ ದೊಡ್ಡೋರಿಗೆ 200 ರೂಪಾಯಿ ಮಕ್ಕಳಿಗೆ 100 ರೂಪಾಯಿ ಕೊಟ್ರು, ಒಂದು ವರ್ಷ ಆದ್ಮೇಲೆ ಅದನ್ನ 300 ಮತ್ತು 150 ಮಾಡಿದ್ರು. ಮಕ್ಕಳ ದುಡ್ಡು ತಾಯಿಗೆ. ಮೊತ್ತ ಚಿಕ್ಕದೇ, ಆದ್ರೂ ಜನ ಬೀಜ ಗೊಬ್ಬರ ತಂದ್ರು, ಆಡು ಕೋಳಿ ತಂದ್ರು, ಮಕ್ಕಳ ಊಟ ಸುಧಾರಿಸ್ತು, ಕೂಲಿಗೆ ಹೋಗ್ತಿದ್ದ ಕೆಲವರು ಸ್ವಂತ ಜಮೀನಲ್ಲಿ ಹೆಚ್ಚು ದುಡಿಯೋಕೆ ಶುರು ಮಾಡಿದ್ರು. 2013ರ ಜನವರಿ 1ಕ್ಕೆ ಕೇಂದ್ರ ಸರ್ಕಾರದ ನೇರ ನಗದು ವರ್ಗಾವಣೆ ಶುರುವಾಯ್ತು. ಅದು ಬೇರೆಯೇ ದೊಡ್ಡ ಕತೆ, ಅಲ್ಲಿ ಹೊಸದಾಗಿ ಕೊಟ್ಟಿದ್ದಕ್ಕಿಂತ ಮೊದಲೇ ಇದ್ದ ಸ್ಕಾಲರ್‌ಶಿಪ್ಪು ಪಿಂಚಣಿಗಳನ್ನ ನೇರ ಬ್ಯಾಂಕ್ ಖಾತೆಗೆ ಹಾಕೋದು ಮುಖ್ಯ ಇತ್ತು.

ಎಲ್ರಿಗೂ ದುಡ್ಡು ಕೊಟ್ರೆ ರೇಟು ಏರಲ್ವಾ ಅಂತ ಕೇಳೋದು ನ್ಯಾಯವೇ. ಇದಕ್ಕೆ ಉತ್ತರ ಹುಡುಕೋಕೆ ಕೀನ್ಯಾದ ಸಿಯಾಯಾದಲ್ಲಿ 653 ಹಳ್ಳಿಗಳನ್ನ ಸೇರಿಸ್ಕೊಂಡು 10,500ಕ್ಕೂ ಹೆಚ್ಚು ಮನೆಗಳಿಗೆ ಸುಮಾರು 1000 ಡಾಲರ್ ಕೊಟ್ರು, ಅಂದ್ರೆ ಒಂದು ಮನೆಯ ವರ್ಷದ ಖರ್ಚಿನ ಮುಕ್ಕಾಲು ಭಾಗ. ರೇಟು ಏರಿದ್ದು ತೀರಾ ಅತ್ಯಲ್ಪ. ಆದ್ರೆ ಕೊಟ್ಟ ಪ್ರತಿ ಡಾಲರಿಗೂ ಆ ಊರುಗಳ ಒಟ್ಟು ಆರ್ಥಿಕತೆ ಸುಮಾರು ಎರಡೂವರೆ ಡಾಲರಷ್ಟು ಬೆಳೀತು, ದುಡ್ಡು ಸಿಗದ ಪಕ್ಕದ ಮನೆಯವರಿಗೂ ವ್ಯಾಪಾರ ಕೂಲಿ ಅಂತ ಲಾಭ ಆಯ್ತು. ಹಂಗಂತ ಎಲ್ಲ ಕಡೆ ಹೀಗೇ ಅಂತ ಹೇಳಿದ್ರೆ ತಪ್ಪಾಗುತ್ತೆ. ಫಿಲಿಪೀನ್ಸ್‌ನ ದೂರದ ಊರುಗಳಲ್ಲಿ, ಹೊರಗಿಂದ ಸಾಮಾನು ಸುಲಭಕ್ಕೆ ಬರದ ಕಡೆ, ಮೊಟ್ಟೆಯಂಥ ಬೇಗ ಕೆಡೋ ಆಹಾರದ ರೇಟು ಏರಿ ಯೋಜನೆಗೆ ಸೇರದ ಮನೆಗಳ ಮಕ್ಕಳ ಬೆಳವಣಿಗೆಗೆ ಪೆಟ್ಟು ಬಿತ್ತು. ಇದು ನನ್ನನ್ನ ತುಂಬ ಕಾಡೋ ಉದಾಹರಣೆ, ಒಂದೇ ಊರಲ್ಲಿ ಅರ್ಧ ಮನೆಗೆ ಕೊಟ್ಟು ಉಳಿದರ್ಧ ಬಿಡೋವಾಗ ಆ ಊರಿಗೆ ರಸ್ತೆ ಹೆಂಗಿದೆ ಸಂತೆ ಎಷ್ಟು ದೂರ ಅಂತ ಮೊದಲೇ ನೋಡ್ಬೇಕಾಗುತ್ತೆ.

ಈಗ ಚರ್ಚೆ ಕೊಡ್ಬೇಕಾ ಬೇಡ್ವಾ ಅನ್ನೋದಕ್ಕಿಂತ ಹೆಂಗೆ ಕೊಡ್ಬೇಕು ಅನ್ನೋದರ ಕಡೆ ತಿರುಗಿದೆ. ಕೀನ್ಯಾದಲ್ಲೇ ಇನ್ನೊಂದು ದೊಡ್ಡ ಪ್ರಯೋಗ ನಡೀತಿದೆ, ಕೆಲವು ಹಳ್ಳಿಗೆ ತಿಂಗಳಿಗೆ ಸುಮಾರು 22.50 ಡಾಲರ್ ಎರಡು ವರ್ಷ, ಕೆಲವಕ್ಕೆ ಅದೇ ಮೊತ್ತ 12 ವರ್ಷ, ಕೆಲವಕ್ಕೆ ಎರಡು ವರ್ಷದ್ದನ್ನ ಒಂದೇ ಸಲಕ್ಕೆ. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಸ್ವಂತ ವ್ಯಾಪಾರ ಶುರು ಮಾಡೋ ವಿಷಯದಲ್ಲಿ ಎರಡು ವರ್ಷ ತಿಂಗಳು ತಿಂಗಳು ಪಡೆದವರಿಗಿಂತ ಒಟ್ಟಿಗೆ ಪಡೆದವರು ಮುಂದಿದ್ರು. ವಿಶೇಷ ಅಂದ್ರೆ 12 ವರ್ಷದ ಗುಂಪಿನ ಜನ ಏನು ಮಾಡಿದ್ರು ಗೊತ್ತಾ, ಮುಂದಿನ ತಿಂಗಳೂ ದುಡ್ಡು ಬಂದೇ ಬರುತ್ತೆ ಅನ್ನೋ ಭರವಸೆ ಇದ್ದಿದ್ರಿಂದ ತಮ್ತಮ್ಮಲ್ಲೇ ಚೀಟಿ ಹಾಕಿದ್ರು! ಎಲ್ರೂ ಸೇರಿಸಿ ಪ್ರತಿ ಸಲ ಒಬ್ರು ಎತ್ತೋದು, ಹಂಗೆ ತಿಂಗಳ ಪುಡಿಗಾಸನ್ನ ಅವರೇ ದೊಡ್ಡ ಗಂಟು ಮಾಡ್ಕೊಂಡ್ರು. ಯಾವ ಅರ್ಥಶಾಸ್ತ್ರಜ್ಞನೂ ಅವರಿಗೆ ಇದನ್ನ ಹೇಳ್ಕೊಟ್ಟಿರ್ಲಿಲ್ಲ.

2025ರಲ್ಲಿ ಸಿಯಾಯಾದ ಅದೇ ಹಳ್ಳಿಗಳಿಂದ ಇನ್ನೊಂದು ಲೆಕ್ಕ ಹೊರಬಂತು, ಓದಿ ನಂಗೆ ಸುಮಾರು ಹೊತ್ತು ಬೇರೇನೂ ಮಾಡೋಕಾಗ್ಲಿಲ್ಲ. ದುಡ್ಡು ಸಿಕ್ಕ ಮನೆಗಳಲ್ಲಿ ಒಂದು ವರ್ಷ ತುಂಬೋಕೆ ಮುಂಚೆ ಸಾಯೋ ಮಕ್ಕಳ ಪ್ರಮಾಣ 48% ಇಳಿದಿತ್ತು, ಹತ್ತತ್ರ ಅರ್ಧ. ಮಕ್ಕಳ ಸಾವು ಇಷ್ಟು ಕಮ್ಮಿಯಾಗ್ಲಿ ಅಂತ ಯೋಜನೆ ಮಾಡಿ ಕೊಟ್ಟ ದುಡ್ಡಲ್ಲ ಅದು. ಗರ್ಭಿಣಿಯರು ಕೊನೇ ತಿಂಗಳುಗಳಲ್ಲಿ ಹೊಲದ ಕೆಲಸ, ಭಾರದ ಕೆಲಸ ಕಮ್ಮಿ ಮಾಡಿದ್ರು, ಹೊಟ್ಟೆತುಂಬ ತಿಂದ್ರು, ಹೆರಿಗೆಗೆ ಆಸ್ಪತ್ರೆಗೆ ಹೋದ್ರು. ಪರಿಣಾಮ ಹೆಚ್ಚು ಕಂಡಿದ್ದು ಆಸ್ಪತ್ರೆ ಹತ್ರದಲ್ಲಿದ್ದ ಮನೆಗಳಲ್ಲಿ.