ಎರರ್ ಹಿಡಿದಾಗ ಲಾಗ್‌ನಲ್ಲಿ ಏನು ಬರೆದಿಡಬೇಕು?

ಪ್ರಶ್ನೆ: ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನನ್ನ ಪೈಥಾನ್ ಕೋಡ್‌ನಲ್ಲಿ ಎಲ್ಲ ಕಡೆ ಎರರ್ ಹಿಡಿಯುವ ಟ್ರೈ, ಎಕ್ಸೆಪ್ಟ್ ಹಾಕಿದ್ದೇನೆ. ಆದರೂ ಏನಾದರೂ ಕೆಟ್ಟಾಗ ಕಾರಣ ಸಿಗುವುದಿಲ್ಲ. ಸ್ಟ್ಯಾಕ್ ಟ್ರೇಸ್ ಇದ್ದರೆ ಸಾಕಲ್ವಾ?

ಸಾಕಾಗುವುದಿಲ್ಲ. ಪ್ರೋಗ್ರಾಂ ಯಾವ ಸಾಲಿನಲ್ಲಿ ಎಡವಿತು ಅಂತ ಸ್ಟ್ಯಾಕ್ ಟ್ರೇಸ್ ಹೇಳುತ್ತದೆ. ಯಾವ ಕಲ್ಲಿಗೆ ಎಡವಿತು ಅಂತ ಹೇಳುವುದಿಲ್ಲ. ಅದೇ ಸಾಲು ಬೆಳಗಿನಿಂದ ನೂರಾರು ಸಲ ಸರಿಯಾಗಿ ಓಡಿರುತ್ತದೆ. ಈ ಸಲ ಅದರ ಕೈಗೆ ಏನು ಬಂತು ಅನ್ನೋದೇ ನಮಗೆ ಬೇಕಾದ ಸಂಗತಿ.

ಮೂಡಿಗೆರೆ ಕಡೆಯ ಒಂದು ಕಾಫಿ ಖರೀದಿ ಮಳಿಗೆಗೆ ನಾನು ತೂಕದ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಜನವರಿ ತಿಂಗಳು, ಕೊಯ್ಲು ಜೋರಾಗಿತ್ತು. ಒಂದು ಸಂಜೆ ಲೆಕ್ಕ ಅರ್ಧಕ್ಕೇ ನಿಂತುಹೋಯಿತು. ಲಾಗ್ (ಪ್ರೋಗ್ರಾಂ ನಡೆದದ್ದನ್ನು ಬರೆದಿಡುವ ಫೈಲ್) ತೆಗೆದರೆ ನಾನೇ ಬರೆದಿದ್ದ ಒಂದೇ ಸಾಲು: ‘ತೂಕ ಓದುವಾಗ ತೊಂದರೆ’. ಯಾರ ತೂಕ? ಯಾವ ಚೀಟಿ? ಏನೂ ಇಲ್ಲ. ಹೊರಗೆ ಬೆಳೆಗಾರರು ದುಡ್ಡಿಗೆ ಕಾಯುತ್ತಿದ್ದರು. ರಾತ್ರಿ ಹತ್ತರ ತನಕ ಚೀಟಿಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಕೊನೆಗೆ ಸಿಕ್ಕಿದ್ದು ಒಂದು ಕಾಮಾ. 1240 ಅಂತ ಇರಬೇಕಾದ ಕಡೆ ‘1,240’ ಅಂತ ಟೈಪ್ ಆಗಿತ್ತು. ಅಕ್ಷರಗಳನ್ನು ಸಂಖ್ಯೆಯಾಗಿಸುವ ಪೈಥಾನ್‌ನ ಫ್ಲೋಟ್ ಇದನ್ನು ಒಪ್ಪುವುದಿಲ್ಲ. (ಕನ್ನಡ ಅಂಕಿಯಲ್ಲಿ ೧೨೪೦ ಅಂತ ಕೊಟ್ಟರೆ ಒಪ್ಪುತ್ತದೆ, ಬೇಕಾದರೆ ಹಾಕಿ ನೋಡಿ.)

ನನಗೆ ಬೇಜಾರಾಗಿದ್ದು ಇದಕ್ಕೆ: ಪೈಥಾನ್ ಆ ‘1,240’ ಅನ್ನು ತನ್ನ ಎರರ್ ಸಂದೇಶದಲ್ಲೇ ತೋರಿಸಿತ್ತು. ಅದನ್ನು ಎಸೆದು ಅದರ ಜಾಗದಲ್ಲಿ ನನ್ನ ಸಾಲು ಬರೆದವನು ನಾನು. ಹಾಗಾಗಿ ಮೊದಲನೆಯ ಮಾತು, ಮೂಲ ಎರರ್ ಅನ್ನು ಎಂದಿಗೂ ನುಂಗಬೇಡಿ. ಎಕ್ಸೆಪ್ಟ್ ಒಳಗೆ ಸುಮ್ನೆ ‘ಪಾಸ್’ (ಏನೂ ಮಾಡಬೇಡ) ಅಂತ ಬರೆಯೋದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಅಲ್ಲಿ ‘ಲಾಗರ್.ಎಕ್ಸೆಪ್ಷನ್’ ಕರೆದರೆ ನಿಮ್ಮ ಮಾತಿನ ಜೊತೆ ಸ್ಟ್ಯಾಕ್ ಟ್ರೇಸ್ ಕೂಡ ಲಾಗ್‌ಗೆ ಹೋಗುತ್ತದೆ. ನಿಮ್ಮದೇ ಹೊಸ ಎರರ್ ಎಬ್ಬಿಸುವುದಾದರೆ ‘ರೈಸ್’ ಜೊತೆ ‘ಫ್ರಮ್’ ಹಾಕಿ, ಹಳೆಯದು ಕಾರಣವಾಗಿ ಜೊತೆಗೇ ಬರುತ್ತದೆ. ಜಾವಾದಲ್ಲಾದರೆ ಹಳೆಯ ಎರರ್ ಅನ್ನು ಹೊಸದರ ಒಳಗೆ ನೀವೇ ಕೊಡಬೇಕು. ಮರೆತರೆ ಅದು ಹೋದಂತೆಯೇ.

ಮೂಲ ಎರರ್ ಇದ್ದರೂ ಚೀಟಿ ಯಾವುದು ಅಂತ ಗೊತ್ತಾಗುವುದಿಲ್ಲ. ಅದು ನಿಮಗೆ ಮಾತ್ರ ಗೊತ್ತು, ನೀವೇ ಸೇರಿಸಬೇಕು. ಚೀಟಿ ನಂಬರ್, ಫೈಲ್ ಹೆಸರು, ಎಷ್ಟನೇ ಸಾಲು, ಆಗ ಏನು ಕೆಲಸ ನಡೆಯುತ್ತಿತ್ತು, ಪ್ರೋಗ್ರಾಂನ ಯಾವ ಆವೃತ್ತಿ. ಪ್ರೋಗ್ರಾಂಗೆ ಬಂದದ್ದನ್ನು ಇದ್ದ ಹಾಗೇ, ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಕೊನೆಯಲ್ಲಿ ಒಂದು ಖಾಲಿ ಜಾಗ ಅಂಟಿಕೊಂಡಿದ್ದರೂ ಆಗ ಕಣ್ಣಿಗೆ ಬೀಳುತ್ತದೆ. ಪೈಥಾನ್ 3.11ರಿಂದ ‘ಆಡ್_ನೋಟ್’ ಇದೆ. ಎರರ್ ಮೇಲೆ ಈ ವಿವರ ಅಂಟಿಸಿ, ಅದನ್ನೇ ಮೇಲಕ್ಕೆ, ಅಂದರೆ ಈ ಕೋಡ್ ಅನ್ನು ಕರೆದ ಕೋಡ್‌ಗೆ, ಕಳಿಸಬಹುದು.

ಲಾಗ್ ಮಾಡೋದು ಒಂದೇ ಕಡೆ ಇರಲಿ. ಹಿಡಿದಲ್ಲೆಲ್ಲ ಬರೆದರೆ ಒಂದೇ ತಪ್ಪು ಐದು ಸಲ ಕಾಣಿಸಿ ತಲೆ ಕೆಡುತ್ತದೆ. ಪಾಸ್‌ವರ್ಡ್, ಒಟಿಪಿ, ಆಧಾರ್ ನಂಬರ್, ಬ್ಯಾಂಕ್ ಖಾತೆ ಲಾಗ್‌ಗೆ ಹೋಗಲೇಬಾರದು. ಬೆಳೆಗಾರರ ಹೆಸರೂ ಬೇಡ, ಚೀಟಿ ನಂಬರ್ ಇದ್ದರೆ ಹುಡುಕಿಕೊಳ್ಳಬಹುದಲ್ವಾ?

ಇವತ್ತೇ ನಿಮ್ಮ ಪ್ರೋಗ್ರಾಂಗೆ ಬೇಕಂತಲೇ ಒಂದು ಕಾಮಾ ಇರುವ ಸಂಖ್ಯೆ ಕೊಡಿ. ಆಮೇಲೆ ಕೋಡ್ ಮುಚ್ಚಿಟ್ಟು ಬರೀ ಲಾಗ್ ಓದಿ. ಯಾವ ಚೀಟಿ ಅಂತ ಹೇಳೋಕೆ ಆಗದಿದ್ದರೆ, ಎಕ್ಸೆಪ್ಟ್ ಒಳಗಿನ ಆ ಸಾಲನ್ನು ಮತ್ತೆ ಬರೆಯಿರಿ.