ಹೆಡ್ ಗ್ಯಾಸ್ಕೆಟ್ ಬದಲಿಸುವುದು: ಕರಾವಳಿಯಲ್ಲಿ ಕಲಿಯುವವರಿಗೆ ಒಂದು ಅಧ್ಯಯನ ಟಿಪ್ಪಣಿ

ಐಟಿಐ, ಡಿಪ್ಲೊಮಾದಲ್ಲಿ ಆಟೊಮೊಬೈಲ್ ಓದುತ್ತಿರುವವರಿಗೆ, ಮತ್ತೆ ಮನೆಯಂಗಳದಲ್ಲೇ ಹಳೆ ಕಾರಿನ ಇಂಜಿನ್ನಿಗೆ ಕೈ ಹಾಕಬೇಕು ಅಂತಿರುವವರಿಗೆ ಈ ಟಿಪ್ಪಣಿ. ಯಾವ ಬೋಲ್ಟ್ ಎಲ್ಲಿದೆ ಅನ್ನುವುದು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಉಂಟು. ಒಂದೊಂದು ಕೆಲಸ ಯಾಕೆ ಹಾಗೇ ಮಾಡಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಒಂದು ಮಾತು ಮೊದಲೇ. ಗ್ಯಾಸ್ಕೆಟ್ ತಾನಾಗಿ ಹಾಳಾಗುವುದು ಕಡಿಮೆ. ಹೆಚ್ಚಿನ ಸಲ ಇಂಜಿನ್ ಮಿತಿಮೀರಿ ಬಿಸಿಯಾಗಿ ಅದನ್ನು ಹಾಳು ಮಾಡಿರುತ್ತದೆ. ಬಿಸಿಯಾದದ್ದು ಯಾಕೆ ಅಂತ ಹುಡುಕದೆ ಹೊಸತು ಹಾಕಿದರೆ, ಹೊಸತೂ ಅದೇ ದಾರಿ ಹಿಡಿಯುತ್ತದೆ.

ಅದು ಮಾಡುವ ಕೆಲಸ

ಕೆಳಗೆ ಸಿಲಿಂಡರ್ ಬ್ಲಾಕ್, ಮೇಲೆ ಅದರ ಬಾಯಿ ಮುಚ್ಚುವ ಹೆಡ್, ನಡುವೆ ಸುಮಾರು ಒಂದು ಮಿಲಿಮೀಟರ್ ದಪ್ಪದ ಗ್ಯಾಸ್ಕೆಟ್. ಬೆಂಕಿ, ನೀರು, ಆಯಿಲ್ ಮೂರೂ ಆ ಒಂದೇ ಹಾಳೆಯನ್ನು ದಾಟಿ ಹೋಗಬೇಕು, ಆದರೆ ಒಂದಕ್ಕೊಂದು ಸೇರಬಾರದು. ಪೆಟ್ರೋಲ್ ಇಂಜಿನ್ನಿನಲ್ಲಿ ಉರಿಯುವ ಹೊತ್ತಿಗೆ ಸಿಲಿಂಡರಿನ ಒತ್ತಡ 50-70 ಬಾರ್ ಮುಟ್ಟುತ್ತದೆ. ಅನಿಲದ ಬಿಸಿ ಕ್ಷಣಕಾಲ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರ ಪಕ್ಕದಲ್ಲೇ, ಕೆಲವೇ ಮಿಲಿಮೀಟರ್ ಆಚೆ, ಇಂಜಿನ್ ತಂಪು ಮಾಡುವ 90 ಡಿಗ್ರಿಯ ಕೂಲೆಂಟ್ ಹರಿಯುತ್ತಿರುತ್ತದೆ.

ಇದರ ಮೇಲೆ ಇನ್ನೊಂದು ಕಷ್ಟ. ಎಷ್ಟೋ ಕಾರುಗಳಲ್ಲಿ ಹೆಡ್ ಅಲ್ಯುಮಿನಿಯಂ, ಬ್ಲಾಕ್ ಬೀಡು (ಎರಕದ ಕಬ್ಬಿಣ). ಬಿಸಿಯಾದಾಗ ಅಲ್ಯುಮಿನಿಯಂ ಬೀಡಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಲೆಕ್ಕ ಹಾಕಿ ನೋಡಿ: 400 ಮಿಲಿಮೀಟರ್ ಉದ್ದದ ಹೆಡ್ 30 ಡಿಗ್ರಿಯಿಂದ 90ಕ್ಕೆ ಏರಿದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಬ್ಲಾಕ್ ಬೆಳೆಯುವುದು ಅದರ ಅರ್ಧದಷ್ಟು ಮಾತ್ರ. ಆ ವ್ಯತ್ಯಾಸವನ್ನೆಲ್ಲ ನಡುವೆ ಸಿಕ್ಕಿಕೊಂಡ ಗ್ಯಾಸ್ಕೆಟ್ ತಾಳಿಕೊಳ್ಳಬೇಕು, ಕಾರು ಸ್ಟಾರ್ಟ್ ಮಾಡಿದಾಗೆಲ್ಲ. ಇಂಜಿನ್ ವಿಪರೀತ ಬಿಸಿಯಾದರೆ ಹಿಗ್ಗಲು ಜಾಗ ಸಿಗದ ಹೆಡ್ ಬಾಗುತ್ತದೆ. ಬಾಗಿದ ಕಡೆ ಗ್ಯಾಸ್ಕೆಟ್ ಮೇಲಿನ ಹಿಡಿತ ಸಡಿಲ. ಲೀಕ್ ಶುರುವಾಗುವುದು ಅಲ್ಲಿಂದ.

ನಿಜವಾಗಿ ಹೋಗಿದೆಯಾ?

ಬಿಚ್ಚುವ ಮೊದಲು ಇಲ್ಲಿ ಸಮಯ ಕೊಡಿ. ನಮ್ಮ ಊರಿನಲ್ಲಿ ಜನ ತಪ್ಪು ತಿಳಿಯುವುದು ಆಯಿಲ್ ಹಾಕುವ ಮುಚ್ಚಳ ನೋಡಿ. ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡ ಕೂಡಲೇ "ಗ್ಯಾಸ್ಕೆಟ್ ಹೋಯ್ತು ಮಾರಾಯ್ರೇ" ಅಂತಾರೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಮಂಗಳೂರಿನೊಳಗೇ ಕಂಕನಾಡಿಯಿಂದ ಹಂಪನಕಟ್ಟೆಗೆ ಹೋಗಿ ಬರುವಷ್ಟೇ ಓಡುವ ಕಾರಿನಲ್ಲಿ ಆಯಿಲ್ ಸರಿಯಾಗಿ ಬಿಸಿಯಾಗುವುದಿಲ್ಲ. ಒಳಗಿನ ತೇವ ತಣ್ಣಗಿನ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ, ಆಯಿಲ್ ಜೊತೆ ಸೇರಿ ಕೆನೆಯಾಗುತ್ತದೆ. ಹಾಗಾಗಿ ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿ. ಡಿಪ್‌ಸ್ಟಿಕ್ಕಿನ ಆಯಿಲ್ ಸ್ವಚ್ಛ ಇದ್ದು, ಕೂಲೆಂಟ್ ಮಟ್ಟ ಇಳಿಯದೆ ಇದ್ದರೆ, ಮುಚ್ಚಳ ಒರೆಸಿ ಕಾರನ್ನು ಒಂದು ಗಂಟೆ ಹೆದ್ದಾರಿಯಲ್ಲಿ ಓಡಿಸಿ ಮತ್ತೆ ನೋಡಿ. ಡಿಪ್‌ಸ್ಟಿಕ್ಕಿನಲ್ಲೂ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಮಾತ್ರ ಚಿಂತೆ ಮಾಡಬೇಕು. ಆಗ ಇಂಜಿನ್ ಸ್ಟಾರ್ಟೇ ಮಾಡಬೇಡಿ. ನೀರು ಬೆರೆತ ಆಯಿಲ್ ಬೇರಿಂಗ್‌ಗಳನ್ನು ತಿನ್ನುತ್ತದೆ.

ಬಿಳಿ ಹೊಗೆಯ ವಿಷಯದಲ್ಲಿ ಕರಾವಳಿಯವರಿಗೆ ಒಂದು ಅನುಕೂಲ ಉಂಟು. ಚಳಿಯ ಊರುಗಳಲ್ಲಿ ಬೆಳಗ್ಗೆ ಎಲ್ಲ ಕಾರುಗಳೂ ಬಿಳಿ ಹಬೆ ಬಿಡುತ್ತವೆ. ಇಲ್ಲಿ ಅಂಥ ಚಳಿ ಇಲ್ಲ. ಪೂರ್ತಿ ಬಿಸಿಯಾದ ಇಂಜಿನ್ ಒಣ ಹವೆಯಲ್ಲೂ ಬಿಡದೆ ಬಿಳಿ ಹೊಗೆ ಉಗುಳುತ್ತಿದ್ದರೆ, ಅದಕ್ಕೆ ಸ್ವಲ್ಪ ಸಿಹಿ ವಾಸನೆ ಇದ್ದರೆ, ಕೂಲೆಂಟ್ ಒಳಗೆ ಉರಿಯುತ್ತಿದೆ ಅಂತ ಅನುಮಾನಿಸಬಹುದು.

ಖಾತ್ರಿ ಮಾಡಿಕೊಳ್ಳಲು ಮನೆಯಲ್ಲೇ ಆಗುವ ಪರೀಕ್ಷೆ: ರಾತ್ರಿಯಿಡೀ ತಣ್ಣಗಾದ ಇಂಜಿನ್. ರೇಡಿಯೇಟರ್ ಮುಚ್ಚಳ ತೆಗೆದು, ಕೂಲೆಂಟ್ ಬಾಯಿ ತನಕ ತುಂಬಿ, ಸ್ಟಾರ್ಟ್ ಮಾಡಿ. ಮೊದಲು ಸ್ವಲ್ಪ ಗುಳ್ಳೆ ಬರುವುದು ಸಹಜ, ಒಳಗಿನ ಗಾಳಿ ಅದು. ಆಮೇಲೂ ಗುಳ್ಳೆ ನಿಲ್ಲದೆ, ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿಯಾದರೆ ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದೆ. ಇಂಜಿನ್ ಇನ್ನೂ ತಣ್ಣಗಿರುವಾಗಲೇ, ಮುಚ್ಚಳ ಹಾಕಿದ ಒಂದೆರಡು ನಿಮಿಷದಲ್ಲಿ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೂ ಅದೇ ಅರ್ಥ. ಬಿಸಿ ಇಂಜಿನ್ನಿನ ಮುಚ್ಚಳ ಮಾತ್ರ ಯಾವತ್ತೂ ತೆರೆಯಬೇಡಿ. ಒತ್ತಡ ಇಳಿದ ಕೂಡಲೇ ಒಳಗಿನ ನೀರು ಕುದಿದು ಮುಖಕ್ಕೆ ಹಾರುತ್ತದೆ.

ಬ್ಲಾಕ್ ಟೆಸ್ಟರ್ ಅಂತ ಒಂದು ಸಣ್ಣ ಸಾಧನ ಬರುತ್ತದೆ. ರೇಡಿಯೇಟರಿನ ಗಾಳಿಯನ್ನು ಒಂದು ನೀಲಿ ದ್ರಾವಣದ ಮೂಲಕ ಎಳೆಯುವುದು. ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಯಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಲೀಕ್‌ಡೌನ್ ಪರೀಕ್ಷೆ, ಯಾಕೆಂದರೆ ಅದು ದೋಷ ಇರುವ ಜಾಗವನ್ನೇ ತೋರಿಸುತ್ತದೆ. ಒಂದು ಸಿಲಿಂಡರನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು ನಿಲ್ಲಿಸಿ. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಿ. ಈಗ ಕಿವಿಗೊಡಿ. ಆಯಿಲ್ ಮುಚ್ಚಳದಲ್ಲಿ ಸುಯ್ ಅಂದರೆ ಪಿಸ್ಟನ್ ರಿಂಗ್. ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಪಕ್ಕದ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಕೇಳಿದರೆ ಎರಡರ ನಡುವೆ ಗ್ಯಾಸ್ಕೆಟ್ ಹರಿದಿದೆ. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಹೆಡ್ಡಿನಲ್ಲಿ ಬಿರುಕು. ಗಾಳಿಯ ಒತ್ತಡಕ್ಕೆ ಇಂಜಿನ್ ಗಕ್ಕನೆ ತಿರುಗಬಹುದು, ಹಾಗಾಗಿ ಕ್ರ್ಯಾಂಕ್ ಬೋಲ್ಟಿನಲ್ಲಿ ಸ್ಪಾನರ್ ಬಿಟ್ಟಿರಬಾರದು.

ಬಿಸಿ ಆದದ್ದು ಯಾಕೆ

NH ಬೋರ್ಡ್ ನೋಡಿದವರಿಗೆಲ್ಲ ಗೊತ್ತಿರುವ ದಾರಿಯನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಉಡುಪಿಗೆ ಸಾಗುವಾಗ ಎದುರಿನ ಗಾಳಿಯೇ ರೇಡಿಯೇಟರನ್ನು ತಂಪು ಮಾಡುತ್ತದೆ. ಫ್ಯಾನ್ ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ಅದೇ ಕಾರು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ 14 ತಿರುವುಗಳನ್ನು ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಇಂಜಿನ್ನಿಗೆ ಲೋಡ್ ಜಾಸ್ತಿ, ಗಾಳಿ ಕಡಿಮೆ. ಆಗ ಫ್ಯಾನ್ ಇಲ್ಲದಿದ್ದರೆ ಸೂಜಿ ಮೇಲಕ್ಕೆ. ಶಿರಾಡಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಾಗಲೂ ಇದೇ ಕಥೆ. ಹಾಗಾಗಿ ಫ್ಯಾನ್, ಅದರ ರಿಲೇ, ಸ್ವಿಚ್, ಬಿಸಿಯಾದಾಗ ಕೂಲೆಂಟಿಗೆ ದಾರಿ ತೆರೆಯುವ ಥರ್ಮೋಸ್ಟಾಟ್, ವಾಟರ್ ಪಂಪ್ ಇವನ್ನೆಲ್ಲ ಪರೀಕ್ಷಿಸಿ. ಥರ್ಮೋಸ್ಟಾಟನ್ನು ನೀರಿನ ಪಾತ್ರೆಯಲ್ಲಿ ಕಾಯಿಸಿ, ಯಾವ ಬಿಸಿಗೆ ತೆರೆಯುತ್ತದೆ ನೋಡಬಹುದು.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದರ ಕೆಲಸ ಪ್ರೆಷರ್ ಕುಕ್ಕರಿನ ವೆಯ್ಟ್‌ನದ್ದೇ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. 0.9 ಬಾರ್ ಮುಚ್ಚಳ ಸರಿಯಾಗಿದ್ದರೆ ಸುಮಾರು 118ರ ತನಕ ತಾಳುತ್ತದೆ. ಮುಚ್ಚಳದ ರಬ್ಬರ್ ಬಿರಿದರೆ ಆ 18 ಡಿಗ್ರಿಯ ರಕ್ಷಣೆ ಹೋಯಿತು.

ಇನ್ನು ಬಾವಿ ನೀರು. "ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ?" ಅಂತ ಕೇಳುವವರು ತುಂಬ ಜನ. ಕೂಲೆಂಟ್ ಇರುವುದು ಹೆಪ್ಪುಗಟ್ಟದಿರಲಿ ಅಂತ ಮಾತ್ರ ಅಲ್ಲ. ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕ ಉಂಟು, ಕುದಿಯುವ ಬಿಸಿಯನ್ನೂ ಅದು ಏರಿಸುತ್ತದೆ. ಉಳ್ಳಾಲ, ಮಲ್ಪೆಯಂಥ ಕಡೆ ಸಮುದ್ರದ ಬದಿಯ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಉಪ್ಪಿನ ಕ್ಲೋರೈಡ್ ಅಲ್ಯುಮಿನಿಯಮ್ಮಿನಲ್ಲಿ ಗುಳಿ ಬೀಳಿಸುತ್ತದೆ. ಹೆಡ್ಡಿನ ನೀರಿನ ತೂತುಗಳ ಅಂಚು ಹೀಗೆ ಸವೆದು ಸವೆದು ಕೊನೆಗೆ ಗ್ಯಾಸ್ಕೆಟ್ಟಿಗೆ ಕೂರಲು ಜಾಗವೇ ಇರುವುದಿಲ್ಲ. ದಾರಿಯಲ್ಲಿ ಸಿಕ್ಕಿಬಿದ್ದಾಗ ಯಾವ ನೀರಾದರೂ ಹಾಕಿ ಮನೆ ಸೇರಿ. ಆದರೆ ಅದನ್ನೇ ಒಳಗೆ ಬಿಡಬೇಡಿ.

ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕೂಲೆಂಟನ್ನು ಮುಚ್ಚಳ ಇರುವ ಡಬ್ಬಕ್ಕೆ ಇಳಿಸಿ. ಕೂಲೆಂಟಿನಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಅಂಗಳದಲ್ಲಿ ಚೆಲ್ಲಬೇಡಿ, ಬಾವಿಯ ಹತ್ತಿರವಂತೂ ಬೇಡವೇ ಬೇಡ. ವಯರು, ಹೋಸುಗಳಿಗೆ ಚೀಟಿ ಅಂಟಿಸಿ ಫೋಟೊ ತೆಗೆದಿಡಿ. ಎಕ್ಸಾಸ್ಟ್ ನಟ್ಟುಗಳು ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದಿರುತ್ತವೆ, ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಟೈಮಿಂಗ್ ಗುರುತುಗಳನ್ನು ಕೂಡಿಸಿದ ಮೇಲೆಯೇ ಬೆಲ್ಟ್ ತೆಗೆಯುವುದು.

ಹೆಡ್ ಬೋಲ್ಟುಗಳನ್ನು ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಸಡಿಲಿಸಬೇಕು. ಹೊರಗಿನಿಂದ ಒಳಕ್ಕೆ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪ. ಒಂದೇ ಬದಿ ಪೂರ್ತಿ ಬಿಚ್ಚಿದರೆ ಸರಿ ಇದ್ದ ಹೆಡ್ ಕೂಡ ಬಾಗಬಹುದು. ಹೆಡ್ ಏಳದಿದ್ದರೆ ನಡುವೆ ಸ್ಕ್ರೂಡ್ರೈವರ್ ತುರುಕಬೇಡಿ. ಒಂದು ಗೀರು ಬಿದ್ದರೂ ಅದೇ ಮುಂದಿನ ಲೀಕಿಗೆ ದಾರಿ. ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ.

ಹಳೆ ಗ್ಯಾಸ್ಕೆಟ್ ಓದುವುದು

ಇದನ್ನು ಬಿಸಾಡಲು ಅವಸರ ಮಾಡಬೇಡಿ. ಬೆಳಕಿಗೆ ಹಿಡಿದು ನೋಡಿ. ಸಿಲಿಂಡರ್ ಸುತ್ತ ಲೋಹದ ಉಂಗುರ ಉಂಟಲ್ಲ, ಅದರ ಒಂದು ಕಡೆಯಿಂದ ಕಪ್ಪು ಮಸಿಯ ಗೆರೆ ಹೊರಟು ನೀರಿನ ತೂತಿಗೆ ಮುಟ್ಟಿದ್ದರೆ, ಅನಿಲ ಹೋದ ದಾರಿ ಅದೇ. ಅದಕ್ಕೆ ಎದುರಾಗಿ ಹೆಡ್ಡಿನ ಫೇಸಿನಲ್ಲೂ (ಗ್ಯಾಸ್ಕೆಟ್ ಕೂರುವ ಮೈ) ಅಂಥದೇ ಕಲೆ ಇರುತ್ತದೆ, ಅಲ್ಲಿ ಚಾಕ್‌ನಿಂದ ಗುರುತು ಮಾಡಿ. ಈಗ ಪಿಸ್ಟನ್‌ಗಳ ತಲೆ ನೋಡಿ. ಎಲ್ಲವೂ ಮಸಿ ಹಿಡಿದು ಕಪ್ಪಾಗಿದ್ದು, ಒಂದು ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದರೆ ನೀರು ಹೋಗುತ್ತಿದ್ದದ್ದು ಆ ಸಿಲಿಂಡರಿಗೆ. ಹಬೆ ಅದರ ಮಸಿಯನ್ನು ತೊಳೆದಿದೆ. ಲೀಕ್‌ಡೌನ್ ಹೇಳಿದ್ದೂ ಇದೂ ತಾಳೆಯಾದರೆ ನಿಮ್ಮ ಪತ್ತೆ ಸರಿ. ತಾಳೆಯಾಗದಿದ್ದರೆ ಬಿರುಕು ಹುಡುಕಬೇಕು, ಮುಖ್ಯವಾಗಿ ಎರಡು ವಾಲ್ವ್ ಸೀಟುಗಳ ನಡುವೆ.

ಫೇಸ್ ಕ್ಲೀನ್ ಮಾಡುವುದು

ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿರುವುದು. ಸಿಲಿಂಡರುಗಳಿಗೆ, ನೀರು-ಆಯಿಲ್ ತೂತುಗಳಿಗೆ ಬಟ್ಟೆ ತುಂಬಿ. ಪ್ಲಾಸ್ಟಿಕ್ ಅಥವಾ ಮರದ ಸ್ಕ್ರೇಪರಿನಿಂದ ತಾಳ್ಮೆಯಿಂದ ಕೆರೆಯಿರಿ. ಗ್ರೈಂಡರಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಉಜ್ಜುವುದನ್ನು ಎಷ್ಟೋ ಕಡೆ ನೋಡಬಹುದು. ಎರಡು ಕಾರಣಕ್ಕೆ ಅದು ಬೇಡ. ಮೆತ್ತಗಿನ ಅಲ್ಯುಮಿನಿಯಂ ಅಲ್ಲಲ್ಲಿ ತಗ್ಗಾಗುತ್ತದೆ. ಡಿಸ್ಕಿನ ಗಟ್ಟಿ ಪುಡಿ ಆಯಿಲಿಗೆ ಸೇರಿ ಬೇರಿಂಗ್ ತಿನ್ನುತ್ತದೆ. ತುಂಬ ಹಳೆಯ ಕಾರಿನ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅಂಥದನ್ನು ಒಣಗಿದ್ದಾಗ ಉಜ್ಜಬೇಡಿ, ಒದ್ದೆ ಮಾಡಿಕೊಂಡು ಕೆರೆಯಿರಿ, ಮಾಸ್ಕ್ ಹಾಕಿ.

ಆಮೇಲೆ ಅಳತೆ. ಶಾಲೆಯ ಸ್ಟೀಲ್ ಸ್ಕೇಲ್ ಸಾಲದು, ಮೆಷಿನ್ ಮಾಡಿದ ಸ್ಟ್ರೈಟ್ ಎಡ್ಜ್ ಬೇಕು. ಉದ್ದಕ್ಕೆ ಎರಡು ಅಂಚು, ಅಡ್ಡಕ್ಕೆ ಎರಡು, ಮೂಲೆಯಿಂದ ಮೂಲೆಗೆ ಎರಡು ಕಡೆ ಇಟ್ಟು, ಸಂದಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ತೂರಿಸಿ ನೋಡಿ. ಸಣ್ಣ ಕಾರುಗಳಿಗೆ 0.05 ಮಿಲಿಮೀಟರ್ ಮಿತಿ ಸಾಮಾನ್ಯ, ನಿಮ್ಮ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಬ್ಲಾಕಿನ ಫೇಸನ್ನೂ ಹೀಗೇ ನೋಡಬೇಕು. ಮಿತಿ ದಾಟಿದ್ದರೆ ಹೆಡ್ ಫೇಸಿಂಗಿಗೆ, ಅಂದರೆ ಮೆಷಿನ್ನಿನಲ್ಲಿ ಸಮ ಮಾಡಿಸಲು, ಹೋಗಬೇಕು. ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಕೈಗಾರಿಕಾ ಪ್ರದೇಶಗಳ ಕಡೆ ಮೆಷಿನ್ ಶಾಪ್ ವಿಚಾರಿಸಿ. ಅಲ್ಲೇ ಪ್ರೆಷರ್ ಟೆಸ್ಟ್ ಕೂಡ ಮಾಡಿಸಿಬಿಡಿ. ಬೇಕಾದ್ದಕ್ಕಿಂತ ಜಾಸ್ತಿ ತೆಗೆಸಬೇಡಿ, ತೆಗೆದಷ್ಟೂ ಕಂಪ್ರೆಷನ್ ಏರುತ್ತದೆ.

ಮಳೆಗಾಲದಲ್ಲಿ ಬೀಡಿನ ಬ್ಲಾಕನ್ನು ತೆರೆದಿಟ್ಟರೆ ಒಂದೇ ರಾತ್ರಿಯಲ್ಲಿ ಕೆಂಪು ತುಕ್ಕು ಹಿಡಿಯುತ್ತದೆ. ಸಿಲಿಂಡರ್ ಗೋಡೆಗೆ, ಫೇಸಿಗೆ ಇಂಜಿನ್ ಆಯಿಲ್ ಸವರಿ ಮುಚ್ಚಿಡಿ. ಜೋಡಿಸುವ ಮೊದಲು ಫೇಸಿನ ಎಣ್ಣೆಯನ್ನು ಪೂರ್ತಿ ಒರೆಸಿ.

ಬೋಲ್ಟಿನ ವಿಚಾರ

ತಿರುಗಿಸುವ ಬಲ (ಟಾರ್ಕ್) ಅಳೆದು ಬಿಗಿಯುವ ಟಾರ್ಕ್ ರೆಂಚಿನಲ್ಲಿ ನಾವು ಹಾಕುವ ಬಲದಲ್ಲಿ ಸುಮಾರು ಅರ್ಧ ಬೋಲ್ಟ್ ತಲೆಯ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ. ಇನ್ನು ಶೇಕಡಾ 40ರಷ್ಟು ಥ್ರೆಡ್ಡಿನ ಉಜ್ಜಾಟಕ್ಕೆ. ನಿಜವಾಗಿ ಹೆಡ್ಡನ್ನು ಒತ್ತುವುದು ಶೇಕಡಾ 10ರಷ್ಟು ಮಾತ್ರ. ಥ್ರೆಡ್ ಕೊಳೆಯಾಗಿದ್ದರೆ ಆ ಹತ್ತೂ ಸಿಗುವುದಿಲ್ಲ, ರೆಂಚ್ ಮಾತ್ರ ಸರಿಯಾಗಿ ಕಟ್ ಅನ್ನುತ್ತದೆ. ಹಾಗಾಗಿ ಥ್ರೆಡ್ ಕ್ಲೀನ್ ಮಾಡಿ, ಮ್ಯಾನ್ಯುಯಲ್ ಹೇಳಿದಂತೆ ತೆಳುವಾಗಿ ಆಯಿಲ್ ಸವರಿ. ಬ್ಲಾಕಿನ ತೂತಿನ ತಳದಲ್ಲಿ ಆಯಿಲ್, ನೀರು ನಿಂತಿರಬಾರದು. ದ್ರವ ಕುಗ್ಗುವುದಿಲ್ಲ, ಬೋಲ್ಟ್ ಒತ್ತಿದರೆ ಬ್ಲಾಕೇ ಬಿರಿಯಬಹುದು. ಗಾಳಿ ಊದಿ ಒಣಗಿಸಿ, ಕಣ್ಣಿಗೆ ಕನ್ನಡಕ ಇರಲಿ.

ಈಗಿನ ಎಷ್ಟೋ ಇಂಜಿನ್‌ಗಳಲ್ಲಿ ಮೊದಲು ಟಾರ್ಕ್, ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸುವುದು. ಆ ಬೋಲ್ಟ್ ಬೇಕೆಂದೇ ಎಳೆದು ಉದ್ದವಾಗುತ್ತದೆ. ಒಮ್ಮೆ ಹಾಗೆ ಎಳೆದದ್ದನ್ನು ಮತ್ತೆ ಹಾಕುವಂತಿಲ್ಲ, ಹೊಸ ಸೆಟ್ ತರಬೇಕು. ಕೋನ ತಪ್ಪದಿರಲು ಪ್ರತಿ ತಲೆಯ ಮೇಲೂ ಬಿಳಿ ಪೇಂಟಿನ ಚುಕ್ಕೆ ಇಡಿ. ಬಿಗಿಯುವ ಕ್ರಮ ಬಿಚ್ಚಿದ್ದಕ್ಕೆ ಉಲ್ಟಾ: ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ.

ಗ್ಯಾಸ್ಕೆಟ್ ಇಡುವಾಗ ಮೇಲ್ಬದಿಯ ಗುರುತು ನೋಡಿ, ಆಯಿಲ್ ತೂತು ತೂತಿಗೆ ಕೂತಿದೆಯಾ ನೋಡಿ. ಉಲ್ಟಾ ಇಟ್ಟರೆ ಮೇಲಕ್ಕೆ ಆಯಿಲ್ ಹೋಗದೆ, ವಾಲ್ವ್ ತೆರೆಯುವ ಕ್ಯಾಮ್ ಒಣಗಿ ಹಾಳಾಗುತ್ತದೆ. ಸ್ಟೀಲ್ ಪದರಗಳ ಗ್ಯಾಸ್ಕೆಟ್ಟಿಗೆ ತಯಾರಕರು ಹೇಳದ ಹೊರತು ಸೀಲೆಂಟ್ ಬಳಿಯಬೇಡಿ.

ಜೋಡಿಸಿದ ಮೇಲೆ

ಟೈಮಿಂಗ್ ಬೆಲ್ಟ್ ಹಾಕಿ, ಕ್ರ್ಯಾಂಕನ್ನು ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕದೆ ನಿಲ್ಲಿಸಿ, ಪಿಸ್ಟನ್ ವಾಲ್ವಿಗೆ ತಾಗುತ್ತಿರಬಹುದು. ಗುರುತುಗಳು ಮತ್ತೆ ಕೂಡಿದರೆ ಮುಂದಕ್ಕೆ. ಆಯಿಲ್, ಫಿಲ್ಟರ್ ಹೊಸತೇ ಇರಲಿ. ಕೂಲೆಂಟ್ ತುಂಬಿ ಗಾಳಿ ತೆಗೆಯಿರಿ. ಗಾಳಿ ಸಿಕ್ಕಿಕೊಂಡ ಜಾಗದಲ್ಲಿ ಹೆಡ್ ಮತ್ತೆ ಬಿಸಿಯಾಗುತ್ತದೆ. ಫ್ಯಾನ್ ತಾನಾಗಿ ಶುರುವಾಗಿ ನಿಲ್ಲುವ ತನಕ ಇಂಜಿನ್ ಓಡಿಸಿ, ರಾತ್ರಿ ತಣ್ಣಗಾಗಲು ಬಿಡಿ, ಬೆಳಗ್ಗೆ ಮಟ್ಟ ನೋಡಿ ತುಂಬಿಸಿ.

ಸ್ವಲ್ಪ ದಿನ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹಳೆ ಮಾದರಿಯ ಗ್ಯಾಸ್ಕೆಟ್ ಕೆಲವದಕ್ಕೆ ಬೇಕು, ಅದು ಒತ್ತಿದಷ್ಟೂ ಕುಗ್ಗುತ್ತದೆ. ಸ್ಟೀಲ್ ಪದರಗಳದ್ದಕ್ಕೆ, ಕೋನ ಅಳೆದು ಬಿಗಿದ ಬೋಲ್ಟುಗಳಿಗೆ ಸಾಮಾನ್ಯವಾಗಿ ಬೇಡ. ಅವನ್ನು ಮುಟ್ಟದೆ, ಒಂದೆರಡು ವಾರ ಬೆಳಗ್ಗೆ ಕೂಲೆಂಟ್ ಮತ್ತು ಡಿಪ್‌ಸ್ಟಿಕ್ ನೋಡುತ್ತಾ ಬನ್ನಿ.